ಹೆಗ್ಗಣರಾಯರಿಗೆ ಕಳಿಸಿದ ಹಾಳೆಗಳು

ಜೂನ್ ೩

ನನ್ನ ಹೆಗ್ಗಣರಾಯರಿಗೆ,

ಕೋಪ ಮಾಡಿಕೊಳ್ಳಬೇಡಿ. ಬೆಟ್ಟದ ಹೊಟ್ಟೆಯೊಳಗೆ ಸುರಂಗ ತೋಡಿಸುವ ಗಂಡನನ್ನು ಮತ್ತೇನೆಂದು ಕರೆಯಲಿ? ಮದುವೆಯಾಗಿ ತಿಂಗಳು ತುಂಬುವ ಮೊದಲೇ ಅಳತೆಯ ದುರ್ಬೀನು ಹೆಗಲಿಗೇರಿಸಿಕೊಂಡು ಹೊರಟುಬಿಟ್ಟಿರಿ. ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ, ವಾರಕ್ಕೊಮ್ಮೆ ಟಪಾಲಿನ ಜೀಪು ಮಾತ್ರ. ಹಾಗಾಗಿ ಪತ್ರ. ನಮ್ಮ ಇಂಗ್ಲಿಷ್ ಶಾಲೆಯಲ್ಲಿ ಹೆಡ್ ಮಾಸ್ಟರಿಗೆ ರಜೆಯ ಅರ್ಜಿ ಬರೆಯುವುದನ್ನು ಹನ್ನೆರಡು ವರ್ಷ ಕಲಿಸಿದರು, ಗಂಡನಿಗೆ ಮನೆಮಾತಿನಲ್ಲಿ ಪತ್ರ ಬರೆಯುವುದನ್ನು ಮಾತ್ರ ಯಾವ ಮಿಸ್ಸೂ ಹೇಳಿಕೊಡಲಿಲ್ಲ. ತಪ್ಪಿದ್ದರೆ ನುಂಗಿಕೊಳ್ಳಿ.

ದೊಡ್ಡ ಸುದ್ದಿ! ನಾನು ಮರ ಕೊರೆಯುವುದನ್ನು ಕಲಿಯುತ್ತಿದ್ದೇನೆ! ನಮ್ಮ ಬೀದಿಯ ತುದಿಯಲ್ಲಿ ಸೈಕಲ್ ರಿಪೇರಿ ಅಂಗಡಿ ಇದೆಯಲ್ಲ, ಅದರ ಹಿಂದೆ ಒಂದು ತಗಡಿನ ಶೆಡ್ಡು. ನೀವು ಬಿಟ್ಟುಹೋದ ಮರುದಿನ ಮನೆ ಭಣಭಣ ಎನ್ನುತ್ತಿತ್ತೆಂದು ಸುಮ್ಮನೆ ನಡೆದುಕೊಂಡು ಹೋದೆ. ಒಳಗೆ ಶಾಯಿಯ ವಾಸನೆ, ಹಗ್ಗದ ಮೇಲೆ ಬಟ್ಟೆಯ ಹಾಗೆ ಒಣಗುತ್ತಿದ್ದ ಹಾಳೆಗಳು, ಮೇಜಿನ ತುಂಬ ಪುಟ್ಟ ಪುಟ್ಟ ಉಳಿಗಳು. ನಡುವೆ ಗಂಡಸರ ಅಂಗಿ ತೊಟ್ಟ ಒಬ್ಬ ಅಜ್ಜಿ. ಬೀದಿಯವರೆಲ್ಲ ಅವರನ್ನು ಶಾಯಿಯಮ್ಮ ಎನ್ನುತ್ತಾರೆ. ಅವರ ಉಗುರು ನೋಡಿದರೆ ಹೆಸರಿನ ಕಾರಣ ಕೇಳಬೇಕಾಗಿಲ್ಲ.

"ನೋಡೋಕೆ ಬಂದ್ಯೋ, ಕಲಿಯೋಕೆ ಬಂದ್ಯೋ?" ಎಂದರು.

"ಎರಡಕ್ಕೂ" ಎಂದೆ.

"ಹೊಸ ಮದುಮಗಳು ಅಂತ ಮುಖದಲ್ಲೇ ಬರೆದಿದೆ. ಬಳೆ ತೆಗೆದಿಟ್ಟು ಬಾ. ಉಳಿ ಜಾರಿದ್ರೆ ಮೊದಲು ಹೋಗೋದು ಅದೇ."

ಬಳೆ ತೆಗೆದಿಟ್ಟೆ. ಅಷ್ಟೇ, ಸಿಕ್ಕಿಬಿದ್ದೆ. ದಿನಾ ಹಲಗೆ ಕೊರೆಯುತ್ತೇನೆ, ಅಂಗೈಯಲ್ಲಿ ಬೊಬ್ಬೆ ಬಂದಿದೆ, ಅದನ್ನು ಎಲ್ಲರಿಗೂ ತೋರಿಸುತ್ತೇನೆ. ನಿಮಗೂ ತೋರಿಸಬೇಕಿತ್ತು.

ನಿಮ್ಮ,
ಅರ್ಧಾಂಗಿ (ಇನ್ನರ್ಧ ಬೆಟ್ಟದಲ್ಲಿದೆ)

*

ಜೂನ್ ೧೬

ಗಿಳಿಗೆ,

ಪತ್ರ ತಲುಪಿತು. ನಾನು ಕ್ಷೇಮ. ಊಟ ಪರವಾಗಿಲ್ಲ. ಮರಗೆಲಸ ಕಲಿಯುತ್ತಿರುವುದು ಸಂತೋಷ. ಮನೆಯಲ್ಲಿ ಕುರ್ಚಿ ಒಂದೇ ಇದೆ. ಇನ್ನೊಂದು ಮಾಡಿದರೆ ಒಳ್ಳೆಯದು. ಕಾಲುಗಳ ಉದ್ದ ಸಮ ಇರಲಿ. ಬೊಬ್ಬೆಗೆ ಎಣ್ಣೆ ಹಚ್ಚು.

ಇಂತು,
ನಿನ್ನವನು

*

ಜೂನ್ ೨೭

ಹೆಗ್ಗಣರಾಯರೇ,

ಕುರ್ಚಿಯೇ! ನಾನು ನಿಮ್ಮ ಪತ್ರವನ್ನು ಶೆಡ್ಡಿನಲ್ಲಿ ಗಟ್ಟಿಯಾಗಿ ಓದಿಬಿಟ್ಟೆ. ಶಾಯಿಯಮ್ಮ ನಕ್ಕು ನಕ್ಕು ಶಾಯಿ ಹಚ್ಚುವ ರೋಲರ್ ಕೆಳಗಿಟ್ಟರು. ಜೊತೆಗೆ ಕಲಿಯುವ ಕಂಡಕ್ಟರ್ ಮಾವ (ಬಸ್ಸಿನಿಂದ ನಿವೃತ್ತರಾದವರು, ಈಗಲೂ ಎಲ್ಲದಕ್ಕೂ "ರೈಟ್, ರೈಟ್" ಎನ್ನುತ್ತಾರೆ) "ಪಾಪ, ಸುರಂಗದಲ್ಲಿ ಬೆಳಕು ಕಮ್ಮಿ" ಎಂದರು. ತಪ್ಪು ನನ್ನದೇ. ಸಂಭ್ರಮದಲ್ಲಿ ಮುಖ್ಯವಾದದ್ದನ್ನೇ ಬಿಟ್ಟು ಬರೆದಿದ್ದೆ.

ಇದು ಅಚ್ಚಿನ ಕೆಲಸ. ಹಲಗೆಯ ಮೇಲೆ ಚಿತ್ರ ಕೊರೆದು, ಶಾಯಿ ಹಚ್ಚಿ, ಮೇಲೆ ಹಾಳೆಯಿಟ್ಟು, ಬೆನ್ನಿಗೆ ಮರದ ಚಮಚದಿಂದ ಉಜ್ಜಿದರೆ ಚಿತ್ರ ಹಾಳೆಗೆ ಇಳಿಯುತ್ತದೆ. ಬೇರೆಯವರು ಒಂದೊಂದು ಬಣ್ಣಕ್ಕೆ ಒಂದೊಂದು ಹಲಗೆ ಕೊರೆಯುತ್ತಾರಂತೆ. ನಮ್ಮ ಶಾಯಿಯಮ್ಮನದು ಬೇರೆ ದಾರಿ: ಎಲ್ಲ ಬಣ್ಣಕ್ಕೂ ಒಂದೇ ಹಲಗೆ. ಮೊದಲು ಚಿತ್ರದಲ್ಲಿ ಬಿಳಿಯಾಗಿ ಉಳಿಯಬೇಕಾದ ಕಡೆ ಮಾತ್ರ ಕೊರೆದು ತೆಗೆಯಬೇಕು. ಉಳಿದದ್ದಕ್ಕೆಲ್ಲ ಹಳದಿ ಹಚ್ಚಿ ಎಲ್ಲ ಹಾಳೆಗಳನ್ನೂ ಅಚ್ಚು ಮಾಡಬೇಕು. ಆಮೇಲೆ ಹಲಗೆ ತೊಳೆದು, ಎಲ್ಲಿ ಹಳದಿ ಉಳಿಯಬೇಕೋ ಅಲ್ಲಿ ಕೊರೆದು ತೆಗೆದು, ಅದೇ ಹಾಳೆಗಳ ಮೇಲೆ ಕಿತ್ತಳೆ. ಮತ್ತೆ ಕೊರೆದು ಕಂದು. ಕೊನೆಗೆ ಕಡುನೀಲಿ. ಬಣ್ಣ ಏರಿದಂತೆ ಹಲಗೆ ಕರಗುತ್ತದೆ. ಹಾಗಾಗಿ ಹಿಂದಿನ ಬಣ್ಣಕ್ಕೆ ವಾಪಸ್ ಹೋಗುವ ಹಾಗಿಲ್ಲ, ನಡುವೆ ಇನ್ನೊಂದು ಹಾಳೆ ಸೇರಿಸುವ ಹಾಗೂ ಇಲ್ಲ.

"ಕೊರೆದ ಮರ, ಕೋಪ ಮಾಡ್ಕೊಂಡು ಹೋದ ಅಳಿಯ ಇದ್ದ ಹಾಗೆ" ಎನ್ನುತ್ತಾರೆ ಶಾಯಿಯಮ್ಮ. "ಎಷ್ಟು ಕರೆದ್ರೂ ಬರಲ್ಲ."

ಶೆಡ್ಡಿನಲ್ಲೇ ವರ್ಷಕ್ಕೊಂದು ಪ್ರದರ್ಶನ ನಡೆಯುತ್ತದೆ, ಅಕ್ಟೋಬರ್ ಕೊನೆಗೆ. ಹೊಸಬರ ಚಿತ್ರವೂ ಗೋಡೆಗೇರಬಹುದು, ಆದರೆ ಒಂದು ಷರತ್ತು. ಒಂದೇ ಥರದ ಆರು ಪ್ರತಿ ತಂದು ತೋರಿಸಬೇಕು. "ಒಂದು ಪ್ರಿಂಟ್ ಅದೃಷ್ಟದಲ್ಲಿ ಯಾರು ಬೇಕಾದ್ರೂ ಹೊಡೀತಾರೆ ಕಣೇ. ಆರೂ ಅವಳಿಜವಳಿ ಥರ ಬಂದ್ರೆ ಅದು ಕೈ" ಎಂದರು. ನನಗೆ ಆ ಗೋಡೆ ಬೇಕು. ಹುಟ್ಟಿದಾಗಿನಿಂದ ನಾನು ಮಾತಾಡಿದ್ದೇ ಬಂತು, ಕೈಯಲ್ಲಿ ಏನೂ ಮಾಡಿ ಮುಗಿಸಿದವಳಲ್ಲ. ಈ ಸಲ ಮುಗಿಸುತ್ತೇನೆ. "ಹನ್ನೆರಡು ಹಾಳೆಯಿಂದ ಶುರು ಮಾಡು, ಅರ್ಧ ಉಳಿದ್ರೆ ನಿನ್ನ ಪುಣ್ಯ" ಎಂದಿದ್ದಾರೆ.

ಚಿತ್ರ ಏನೆಂದು ಹೇಳುವುದಿಲ್ಲ. ಹಳದಿ ಮುಗಿದಿದೆ, ಮೊದಲ ಹಾಳೆ ನಿಮಗೇ ಕಳಿಸುತ್ತಿದ್ದೇನೆ. ಊಹಿಸಿ!

ನಿಮ್ಮ,
ಕುರ್ಚಿ ಮಾಡದವಳು

*

ಜುಲೈ ೧೦

ಗಿಳಿಗೆ,

ಹಾಳೆ ಬಂತು. ಕ್ಯಾಂಪಿನಲ್ಲಿ ಎಲ್ಲರೂ ನೋಡಿದರು. ಮೇಸ್ತ್ರಿ ಎರಡು ಕೋಳಿ ಎಂದ. ಅಡುಗೆಯವನು, ಇಲ್ಲ, ಮೊಟ್ಟೆಗೆ ಕಾವು ಕೊಡುವ ಒಂದೇ ಕೋಳಿ ಎಂದ. ಇಬ್ಬರಿಗೂ ಜಗಳವಾಗಿ ಊಟ ತಡವಾಯಿತು. ನಾನು ದುರ್ಬೀನಿನಲ್ಲಿ ಕೂಡ ನೋಡಿದೆ. ಬಿಳಿ ಗೆರೆಗಳು ಹುಳುವಿನ ಹಾಗಿವೆ. ಏನೆಂದು ಗೊತ್ತಾಗಲಿಲ್ಲ. ಆದರೂ ಚೆನ್ನಾಗಿದೆ. ಮಂಚದ ಮೇಲಿನ ಹಲಗೆಗೆ ಸಿಕ್ಕಿಸಿದ್ದೇನೆ. ಮಲಗಿದರೆ ಕಾಣುತ್ತದೆ.

ಇಲ್ಲಿ ನಾವೂ ಅದೇ ಕೆಲಸ ಮಾಡುವವರು. ಒಡೆದ ಬಂಡೆಯನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಬೆಟ್ಟದ ಎರಡೂ ಕಡೆಯಿಂದ ತೋಡುತ್ತಾ ಬರುತ್ತಿದ್ದೇವೆ. ನನ್ನ ಅಳತೆ ತಪ್ಪಿದರೆ ಒಂದು ಸುರಂಗದ ಬದಲು ಎರಡು ಸಿಗುತ್ತವೆ.

ಇನ್ನೊಂದು ಮಾತು. ನೀವು, ತಾವು ಎಂದು ಬರೆಯಬೇಡ. ಓದುವಾಗ ನನ್ನ ಹಿಂದೆ ಯಾರೋ ದೊಡ್ಡವರು ನಿಂತ ಹಾಗಾಗುತ್ತದೆ.

ನಿನ್ನವನು

*

ಜುಲೈ ೨೪

ಹೆಗ್ಗಣರಾಯ,

ನೀನು! ನೀನು! ನೀನು! ಸಾಕಾ? ಬರೆಯುವಾಗ ನನ್ನ ಕಿವಿ ಬಿಸಿಯಾಯಿತು. ಅತ್ತೆ ಮೊನ್ನೆ ಫೋನ್ ಮಾಡಿದಾಗ ಬಾಯಿ ತಪ್ಪಿ "ಅವನು ಬರೆದಿದ್ದಾನೆ" ಅಂದುಬಿಟ್ಟೆ. ಆಮೇಲೆ "ಸದ್ಯ, ನನ್ನ ಮಗ ಬರೀತಾನಾ? ಅದೇ ದೊಡ್ಡದು" ಎಂದರು. ಬದುಕಿದೆ.

ಕೋಳಿಯಲ್ಲ ಮಹಾರಾಯ! ಈಗ ಕಿತ್ತಳೆ ಬಿದ್ದಿದೆ, ಈ ಹಾಳೆ ನೋಡು. ನೀನು ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಬಿಟ್ಟುಹೋದ ಹಳೇ ಬೂಟು ಅವು! ಹುಳುವಲ್ಲ, ಲೇಸು. ಹೊಸ ಬೂಟು ಹಾಕಿಕೊಂಡು ನೀನು ಹೋದೆ, ಅವು ಅಲ್ಲೇ ಬಾಯಿ ಬಿಟ್ಟುಕೊಂಡು ಕೂತವು. ಬೆಳಗ್ಗೆ ಬಿಸಿಲು ಮೊದಲು ಬೀಳುವುದು ಅವುಗಳ ಮೂತಿಯ ಮೇಲೆ. ಒಳಗೆ ತೆಗೆದಿಡಲು ಮನಸ್ಸಾಗಲಿಲ್ಲ. ಬಾಗಿಲು ತೆರೆದಾಗೆಲ್ಲ ನೀನು ಒಳಗಿದ್ದೀಯ ಎನ್ನಿಸುತ್ತದೆ.

ಕೆಟ್ಟ ಸುದ್ದಿಯೂ ಇದೆ. ಮೂರು ಹಾಳೆ ಕೆಟ್ಟವು. ಹಳದಿಯ ಮೇಲೆ ಕಿತ್ತಳೆ ಕೂದಲೆಳೆಯಷ್ಟು ಸರಿದರೂ ಬೂಟಿಗೆ ನೆರಳು ಬಂದ ಹಾಗೆ ಕಾಣುತ್ತದೆ. ಮಾತಾಡುತ್ತಾ ಹಾಳೆ ಇಟ್ಟೆ, ಅದಕ್ಕೇ. ಶಾಯಿಯಮ್ಮ ಬೈಯಲಿಲ್ಲ, ಹಾಳೆಯನ್ನು ನನ್ನ ಬಾಯಿಗೆ ಅಡ್ಡ ಹಿಡಿದರು. ಆಮೇಲೆ ಬಾಯಿ ಹೊಲಿದುಕೊಂಡವಳ ಹಾಗೆ ಕೂತು ಉಳಿದವನ್ನು ಒತ್ತಿದೆ. ಒಂದೂ ಜಾರಲಿಲ್ಲ! ನಂಬು, ನಾನು ಒಂದು ಮಧ್ಯಾಹ್ನ ಪೂರ್ತಿ ಸುಮ್ಮನಿದ್ದೆ! ಕಂಡಕ್ಟರ್ ಮಾವ ನನಗೆ ಜ್ವರವೇ ಎಂದು ಹಣೆ ಮುಟ್ಟಿ ನೋಡಿದರು.

ನಿನಗೆ ಕಳಿಸಿದ ಮೇಲೂ ಏಳು ಉಳಿಯುತ್ತವೆ. ಬೇಕಾದ್ದು ಆರು. ಧಾರಾಳ!

ನಿನ್ನ ಗಿಳಿ

*

ಆಗಸ್ಟ್ ೬

ಗಿಳಿಗೆ,

ನನ್ನ ಬೂಟೆಂದು ತಿಳಿದು ಹೇಗೆ ಹೇಗೋ ಆಯಿತು. ಯಾರಿಗೂ ಹೇಳಲಿಲ್ಲ. ಮೇಸ್ತ್ರಿಗೆ ತಾನಾಗಿಯೇ ಗೊತ್ತಾಯಿತು. "ಸಾರ್, ಕೋಳಿ ನಿಮ್ಮ ಕಾಲಿಗೆ ಬಂತು" ಎಂದ.

ಎರಡು ವಿಷಯ. ಒಂದು, ಹಾಳೆ ಜಾರದಿರಲು ಒಂದು ಮೊಳೆ ಸಾಲದು, ಅದರ ಸುತ್ತ ತಿರುಗುತ್ತದೆ. ಎರಡು ಕಡೆ ತಡೆ ಇರಬೇಕು, ಒಂದು ಮೂಲೆಯಲ್ಲಿ, ಒಂದು ಅಂಚಿನಲ್ಲಿ. ನಾವು ಸುರಂಗದ ದಿಕ್ಕು ಹಿಡಿಯುವುದೂ ಹಾಗೆಯೇ, ಎರಡು ಗುರುತಿಟ್ಟು. ಎರಡು, ಬಂಡೆಯ ಚೂರು ಬಿದ್ದು ಕೊಯ್ದಿದ್ದು ನನ್ನ ಎಡಗಾಲಿನ ಬೂಟು. ನಿನ್ನ ಚಿತ್ರದಲ್ಲಿ ಬಲಗಾಲಿಗೆ ಗಾಯವಾಗಿದೆ. ತಪ್ಪು ಹುಡುಕುತ್ತಿದ್ದೇನೆ ಎಂದುಕೊಳ್ಳಬೇಡ. ಅಳತೆಯವನ ಕಣ್ಣು.

ಕಿತ್ತಳೆಯ ನಡುವೆ ಉಳಿದ ಹಳದಿ ನಿಜವಾದ ಬಿಸಿಲಿನ ಹಾಗಿದೆ. ಇಲ್ಲಿ ಒಳಗೆ ಹೋದರೆ ದಿನವಿಡೀ ಬಿಸಿಲು ಕಾಣುವುದಿಲ್ಲ. ಹೊರಗೆ ಬಂದ ಮೇಲೆ ಮೊದಲು ಅದನ್ನೇ ನೋಡುತ್ತೇನೆ.

ನಿನ್ನವನು

*

ಆಗಸ್ಟ್ ೧೮

ನನ್ನ ಅಳತೆಗಣ್ಣಿನ ಹೆಗ್ಗಣವೇ,

ಅಚ್ಚು ಕನ್ನಡಿಯ ಹಾಗೆ ಕಣೋ! ಹಲಗೆಯ ಎಡ ಹಾಳೆಗೆ ಬಲವಾಗುತ್ತದೆ. ಮೊದಲೇ ತಿರುಗಿಸಿ ಬರೆಯಬೇಕಿತ್ತು, ಮರೆತೆ. ಬೂಟು ಜೋಡಿಯಾದ್ದರಿಂದ ಯಾರಿಗೂ ಗೊತ್ತಾಗಲಿಲ್ಲ, ಶಾಯಿಯಮ್ಮನಿಗೆ ಕೂಡ! ನಿನ್ನ ಪತ್ರ ಓದಿ ಅವರು ಹಾಳೆಯನ್ನು ಬೆಳಕಿಗೆ ಹಿಡಿದು, "ಅಯ್ಯೋ, ಬೆಟ್ಟದಿಂದ ಹಿಡಿದುಬಿಟ್ಟನಲ್ಲೇ" ಎಂದರು. ಎಷ್ಟು ಜಂಬ ಬಂತು ಗೊತ್ತಾ ನನಗೆ? ಹಾಳೆ ತಾಗಿಸಿ ಕೂರಿಸಲು ಮೂಲೆಗೊಂದು ಅಂಚಿಗೊಂದು ಕಚ್ಚು ನಮ್ಮ ಹಲಗೆಯಲ್ಲಿ ಆಗಲೇ ಇದೆ. ಆದರೂ "ನನ್ನ ಯಜಮಾನರು ತಾವೇ ಯೋಚಿಸಿ ಕಂಡುಹಿಡಿದಿದ್ದಾರೆ" ಎಂದು ಎಲ್ಲರಿಗೂ ಸಾರಿದೆ.

ಇವತ್ತು ಕಂದು ಬಿತ್ತು. ಏಳಕ್ಕೆ ಏಳೂ ಸರಿಯಾಗಿ ಕೂತಿವೆ! ಬೂಟಿಗೆ ಜೀವ ಬಂತು. ಚರ್ಮದ ಸುಕ್ಕು, ಹಿಮ್ಮಡಿಯ ಸವಕಲು, ಮೆಟ್ಟಿಲ ಅಂಚು, ಎಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದುಕೊಳ್ಳಬೇಡ, ನಿಜವಾಗಲೂ ಚೆನ್ನಾಗಿದೆ. ಇನ್ನು ನೀಲಿಯೊಂದೇ ಬಾಕಿ, ನೆರಳಿಗೆ. ಏಳರಲ್ಲಿ ಒಂದು ನಿನ್ನದು, ಉಳಿದ ಆರು ಗೋಡೆಯದು. ಲೆಕ್ಕ ಸರಿಹೋಯಿತು. ಅಂಚೆ ಕಚೇರಿ ಮುಚ್ಚುವುದರೊಳಗೆ ಓಡಬೇಕು, ಶಾಯಿ ಇನ್ನೂ ಹಸಿ, ಮೇಲೆ ಮೇಣದ ಕಾಗದ ಹಾಕಿದ್ದೇನೆ, ಮೆಲ್ಲಗೆ ಬಿಡಿಸು! ಮೆಲ್ಲಗೆ!

ನಿನ್ನ, ನಿನ್ನ, ನಿನ್ನ ಗಿಳಿ

*

ಆಗಸ್ಟ್ ೩೦

ಗಿಳಿಗೆ,

ಈ ಪತ್ರ ಉದ್ದವಾದೀತು. ಮೂರನೆಯ ಹಾಳೆ ಬಿಡಿಸಿದಾಗ ಕ್ಯಾಂಪಿನಲ್ಲಿ ಯಾರೂ ಕೋಳಿ ಎನ್ನಲಿಲ್ಲ. ಅಡುಗೆಯವನು ಸೌಟು ಹಿಡಿದುಕೊಂಡೇ ನಿಂತ. ಚೀಫ್ ಎಂಜಿನಿಯರ್ ಆ ಹೊತ್ತಿಗೆ ಬಂದರು. ಸಿಡುಕಿನ ಮನುಷ್ಯ. ಬಹಳ ಹೊತ್ತು ನೋಡಿ, "ಯಾರು ಮಾಡಿದ್ದು?" ಎಂದರು. ಹೇಳಿದೆ. "ಇದನ್ನ ನನ್ನ ಆಫೀಸಿಗೆ ಕೊಡ್ರಿ. ಬೆಟ್ಟದ ನಕ್ಷೆ ನೋಡಿ ನೋಡಿ ಕಣ್ಣು ಹೋಗಿದೆ" ಎಂದರು. ನನಗೆ ಕೊಡಲು ಇಷ್ಟವಿರಲಿಲ್ಲ. ಆದರೆ ನಿನ್ನ ಕೆಲಸ ಚೀಫ್ ಗೋಡೆಯ ಮೇಲೆ ಇರುವುದು ಎಂದರೆ ಸಣ್ಣ ಮಾತೇ? ಕೊಟ್ಟೆ. ಈಗ ಸಹಿಗೆ ಹೋಗುವವರೆಲ್ಲ ಮೊದಲು ಬೂಟು ನೋಡಿ ಆಮೇಲೆ ಅವರನ್ನು ನೋಡುತ್ತಾರೆ. ಯಾರೇ ಹೊಸಬರು ಬಂದರೂ ಚೀಫ್ ಹೇಳುತ್ತಾರೆ: "ನಮ್ಮ ಸರ್ವೇಯರ್ ಹೆಂಡತಿ ಮಾಡಿದ್ದು." ನಾನು ಅಲ್ಲಿ ಏನಾದರೂ ನೆವ ಹುಡುಕಿ ನಿಂತಿರುತ್ತೇನೆ.

ನಿನ್ನವನು

*

ಸೆಪ್ಟೆಂಬರ್ ೯

ಯಜಮಾನರಿಗೆ,

ನಿಮ್ಮ ಪತ್ರ ತಲುಪಿತು. ಹಾಳೆ ನಿಮ್ಮ ಚೀಫ್ ಅವರಿಗೆ ಹಿಡಿಸಿದ್ದು ಸಂತೋಷ. ಅಲ್ಲೇ ಇರಲಿ. ಇಲ್ಲಿ ಎಲ್ಲ ಕ್ಷೇಮ. ಈ ವರ್ಷ ಪ್ರದರ್ಶನಕ್ಕೆ ಕೊಡುವುದು ಬೇಡ ಎಂದುಕೊಂಡಿದ್ದೇನೆ. ನನ್ನ ಹತ್ತಿರ ಐದೇ ಉಳಿದಿವೆ. ನೀಲಿ ಹಾಕಿ ಏನು ಪ್ರಯೋಜನ? ಹಲಗೆಯ ಮುಖ ಕೀಸಿಸಿ ನುಣುಪು ಮಾಡಿಸಿ, ಮುಂದೆ ಯಾವಾಗಲಾದರೂ ಬೇರೆ ಏನಾದರೂ ಮಾಡಿದರಾಯಿತು. ಬಡಗಿಗೆ ಹೇಳಬೇಕು.

ಊಟ ಸರಿಯಾಗಿ ಮಾಡಿ.

ಇತಿ

*

ಸೆಪ್ಟೆಂಬರ್ ೧೮

ಹಲಗೆ ಮುಟ್ಟಬೇಡ. ಬಡಗಿಗೆ ಕೊಡಬೇಡ. ಕೊಟ್ಟಿದ್ದರೆ ಈಗಲೇ ಓಡಿ ತಾ.

"ನೀವು" ಎಂದು ಬರೆದಿದ್ದೀಯ, ಪತ್ರ ಹತ್ತು ಸಾಲಿಲ್ಲ, ಹಾಗಾಗಿ ಏನೋ ಆಗಿದೆ ಎಂದು ತಿಳಿಯಿತು. ಕೂತು ಯೋಚಿಸಿದೆ. ನಿನಗೆ ಬೇಕಾದ್ದು ಆರು, ಇರುವುದು ಐದು. ನನ್ನ ಹತ್ತಿರ ಮೂರು ಹಾಳೆ ಇವೆ. ಹಳದಿಯದು, ಕಿತ್ತಳೆಯದು ಉಪಯೋಗವಿಲ್ಲ, ಅವುಗಳ ಮುಂದಿನ ಬಣ್ಣದ ಹಲಗೆ ಈಗ ಲೋಕದಲ್ಲೇ ಇಲ್ಲ. ಆದರೆ ಕಂದು ಬಣ್ಣದ್ದಕ್ಕೆ ನೀಲಿಯೊಂದೇ ಬಾಕಿ. ನೀಲಿಯ ಹಲಗೆ ನಿನ್ನ ಹತ್ತಿರ ಇನ್ನೂ ಇದೆ. ಹೌದೋ ಅಲ್ಲವೋ? ಇದನ್ನು ನೀನೇ ಯಾಕೆ ಕೇಳಲಿಲ್ಲ? ನಾನು ಚೀಫ್ ಗೋಡೆಯ ಬಗ್ಗೆ ಅಷ್ಟು ಬರೆದದ್ದಕ್ಕೇ ಕೇಳಲಿಲ್ಲ ಎಂದು ಆಮೇಲೆ ಹೊಳೆಯಿತು. ಜಂಬ ನನ್ನದು, ನಷ್ಟ ನಿನ್ನದು.

ಚೀಫ್ ಹತ್ತಿರ ಹೋಗಿ ವಾಪಸ್ ಕೊಡಿ ಎಂದೆ. "ಕೊಟ್ಟದ್ದನ್ನ ಕೇಳೋಕೆ ನಾಚಿಕೆ ಆಗಲ್ವೇನ್ರಿ?" ಎಂದರು. "ಆಗುತ್ತೆ ಸಾರ್" ಎಂದೆ. ನನ್ನ ಜನ್ಮದಲ್ಲಿ ಅಷ್ಟು ದೊಡ್ಡವರ ಮುಂದೆ ಅಷ್ಟು ಹೊತ್ತು ನಿಂತಿರಲಿಲ್ಲ. ಹಲಗೆ, ಬಣ್ಣ, ಆರರ ಷರತ್ತು, ಎಲ್ಲ ವಿವರಿಸಿದೆ. ಕೊನೆಗೆ ಅವರೇ ಮೊಳೆ ಕಿತ್ತರು. "ನೀಲಿ ಹಾಕಿದ ಮೇಲೆ ನನಗೊಂದು ಬರಬೇಕು" ಎಂದರು. ನಾನು ಮಾತು ಕೊಡಲಿಲ್ಲ. ನಿನ್ನನ್ನು ಕೇಳದೆ ಕೊಡುವುದು ಇನ್ನು ಸಾಕು.

ಅಂಚಿನಲ್ಲಿ ನಾಲ್ಕು ಮೊಳೆಯ ತೂತಿವೆ, ಕ್ಷಮಿಸು. ಇಲ್ಲಿ ಗೋಡೆಯೂ ಬೆವರುತ್ತದೆ, ಹಾಳೆಗೆ ಥಂಡಿ ಹಿಡಿದಿದೆ. ಅಳೆದು ನೋಡಿದೆ, ನೂಲಿನಷ್ಟು ಹಿಗ್ಗಿದೆ. ಒಣಗಿದರೆ ಕುಗ್ಗಬೇಕು. ಯಂತ್ರದ ಪೆಟ್ಟಿಗೆಯ ಎರಡು ಹಲಗೆಗಳ ನಡುವೆ ಕಟ್ಟಿ ಕಳಿಸಿದ್ದೇನೆ. ಟಪಾಲಿನ ಜೀಪಿಗೆ ಕಾಯಲಿಲ್ಲ, ಸಿಮೆಂಟಿನ ಲಾರಿಯಲ್ಲಿ ನಾನೇ ಕೆಳಗಿಳಿದು ಬಂದು ಅಂಚೆಗೆ ಹಾಕುತ್ತಿದ್ದೇನೆ.

ಹಲಗೆ ಮುಟ್ಟಬೇಡ.

*

ಅಕ್ಟೋಬರ್ ೪

ನನ್ನ ಹೆಗ್ಗಣ, ನನ್ನ ಬಂಗಾರ, ನನ್ನ ಸಿಮೆಂಟ್ ಲಾರಿ ಸವಾರ,

ಎಲ್ಲಿಂದ ಶುರು ಮಾಡಲಿ? ಮೊದಲು, ಬಚ್ಚಿಟ್ಟ ವಿಷಯ ಹೇಳಿಬಿಡುತ್ತೇನೆ. ಕಂದು ಹಾಕಿದ ದಿನ ನಿನಗೆ ಹಾಳೆ ಕಳಿಸಲು ಓಡಿದೆನಲ್ಲ? ಆ ಆತುರದಲ್ಲಿ ಉಳಿದ ಆರರಲ್ಲಿ ಐದನ್ನು ಹಗ್ಗಕ್ಕೆ ಸಿಕ್ಕಿಸಿ, ಆರನೆಯದನ್ನು ಸ್ಟೂಲಿನ ಮೇಲೆ ಬಿಟ್ಟೆ. ಕಂಡಕ್ಟರ್ ಮಾವ ಬಂದು ಅದರ ಮೇಲೆ ಕೂತರು. ಎದ್ದಾಗ ಅವರ ಪ್ಯಾಂಟಿನ ಹಿಂಬದಿಯಲ್ಲಿ ನಿನ್ನ ಜೋಡಿ ಬೂಟು, ಯಾರೋ ಚೆನ್ನಾಗಿ ಒದ್ದು ಬಸ್ಸಿನಿಂದ ಇಳಿಸಿದ ಹಾಗೆ! ಪಾಪ, ಅವರೇ ಅತ್ತುಬಿಟ್ಟರು. ಅವತ್ತು ನನಗೆ ನಗು ಬರಲಿಲ್ಲ. ಈಗ ನೆನೆದರೆ ಹೊಟ್ಟೆ ಹಿಡಿದುಕೊಳ್ಳುತ್ತೇನೆ.

ಶಾಯಿಯಮ್ಮ ಹಾಳೆ ಎಣಿಸಿ, "ಜಾರಿದ್ದು ಮೂರು, ಮಾವ ಕೂತಿದ್ದು ಒಂದು. ಇನ್ನು ಮೂರು ಎಲ್ಲಿ?" ಎಂದರು. ಹೇಳಿದೆ. "ಒಂದೊಂದು ಬಣ್ಣಕ್ಕೂ ಒಂದೊಂದು ಗಂಡನಿಗಾ? ಮದುವೆ ಕಾರ್ಡು ಹಂಚಿದ ಹಾಗೆ ಹಂಚಿದ್ಯೇನೇ? ಇಷ್ಟು ವರ್ಷದಲ್ಲಿ ಶಾಯಿ ಚೆಲ್ಲಿದವರನ್ನ ನೋಡಿದೀನಿ, ಕೈ ಕೊಯ್ಕೊಂಡವರನ್ನ ನೋಡಿದೀನಿ. ಪ್ರೀತಿಲಿ ಹಾಳೆ ಖಾಲಿ ಮಾಡಿದವಳು ನೀನೊಬ್ಬಳೇ!" ಎಂದರು. ಆಮೇಲೆ, "ಬರೆದು ವಾಪಸ್ ತರಿಸ್ಕೋ" ಎಂದೂ ಹೇಳಿದರು. ನಾನು ಪತ್ರ ಬರೆಯಲು ಕೂರುತ್ತಿದ್ದೆ, ಏಳುತ್ತಿದ್ದೆ. ಅಷ್ಟರಲ್ಲಿ ಚೀಫ್ ಗೋಡೆಯ ಸುದ್ದಿ ಬಂತು. ನೀನು ಅಷ್ಟು ಸಾಲು ಬರೆದದ್ದು ಅದೇ ಮೊದಲು. ಪ್ರತಿ ಸಾಲಿನಲ್ಲೂ ನೀನು ಎದೆಯುಬ್ಬಿಸಿ ನಿಂತದ್ದು ಕಾಣುತ್ತಿತ್ತು. ಆ ಹಾಳೆಯನ್ನು ಹೇಗೆ ಕೇಳಲಿ?

ಬಡಗಿಯ ಹತ್ತಿರ ಹೋಗಲು ಹಲಗೆ ಎತ್ತಿಕೊಂಡದ್ದೂ ನಿಜ. ಶಾಯಿಯಮ್ಮ ಕಸಿದುಕೊಂಡು ಅದರ ಮೇಲೆ ಕೂತುಬಿಟ್ಟರು. "ಕೋಪದಲ್ಲಿ ಎತ್ತಿದ ಹಲಗೆ ಈ ಬಾಗಿಲು ದಾಟಲ್ಲ. ಇಳಿದ ಮೇಲೆ ಬಾ" ಎಂದರು. ನಾನು ಹೋಗಲೇ ಇಲ್ಲ. ಮನೆಯಲ್ಲಿ ಕೂತು ನಿನ್ನ ಬೂಟಿಗೆ ಬೆನ್ನು ತಿರುಗಿಸಿಕೊಂಡಿದ್ದೆ.

ಆಮೇಲೆ ನಿನ್ನ ಕಟ್ಟು ಬಂತು. ನಾನು ಬರಿಗಾಲಲ್ಲಿ ಶೆಡ್ಡಿಗೆ ಓಡಿದೆ.

ಶಾಯಿಯಮ್ಮ ಹಾಳೆಯನ್ನು ಮೂಗಿಗೆ ಹಿಡಿದು, "ಬೆಟ್ಟದ ಥಂಡಿ" ಎಂದರು. ಒತ್ತುಕಾಗದದ ನಡುವೆ ಇಟ್ಟು ಮೇಲೆ ಇಟ್ಟಿಗೆ ಹೇರಿದೆವು. ತೂಕ ಸಾಲದಿದ್ದರೆ ತಾವೇ ಕೂರುವುದಾಗಿ ಕಂಡಕ್ಟರ್ ಮಾವ ಹೇಳಿದರು. ನಾವಿಬ್ಬರೂ ಒಟ್ಟಿಗೆ "ಬೇಡಾ!" ಎಂದು ಕಿರುಚಿದೆವು. ಅದು ಒಣಗುವಷ್ಟು ದಿನ ನಾನು ಕೊನೆಯ ಕೊರೆತ ಕೊರೆದೆ. ನೀಲಿ ಹಚ್ಚುವ ದಿನ ಐದು ಹಾಳೆಯೂ ಸರಿಯಾಗಿ ಬಂದವು. ಆರನೆಯದು ನಿನ್ನದು. ಮೂಲೆಯ ಕಚ್ಚಿಗೆ ಒಂದು ಬದಿ ತಾಗಿಸಿದೆ, ಅಂಚಿನ ಕಚ್ಚಿಗೆ ಇನ್ನೊಂದು. ನೀನು ಹೇಳಿದ ಎರಡು ಗುರುತು. ಉಸಿರು ಹಿಡಿದು ಹಾಳೆ ಬಿಟ್ಟೆ. ಚಮಚ ತೆಗೆದುಕೊಂಡು ಬೆನ್ನು ಉಜ್ಜಿದೆ.

ಒಣಗಿದ ಮೇಲೆ ಆರಕ್ಕೂ ಒಂದೇ ಅಳತೆಗೆ ಅಂಚು ಕತ್ತರಿಸಿದೆವು. ನಿನ್ನ ಚೀಫ್ ಮೊಳೆಯ ತೂತುಗಳು ಕಸದ ಬುಟ್ಟಿ ಸೇರಿದವು. ಶಾಯಿಯಮ್ಮ ಆರನ್ನೂ ಇಸ್ಪೀಟಿನ ಎಲೆಯ ಹಾಗೆ ಕಲಸಿ, ಸಾಲಾಗಿ ಹರಡಿ, ಭೂತಗನ್ನಡಿ ಹಿಡಿದು ಒಂದೊಂದನ್ನೂ ನೋಡಿದರು. ಹೋದರು, ಬಂದರು, ಮತ್ತೆ ನೋಡಿದರು.

"ಬೆಟ್ಟಕ್ಕೆ ಹೋಗಿ ಬಂದದ್ದು ಯಾವುದು?" ಎಂದರು.

ನಾನು ಬಗ್ಗಿ ನೋಡಿದೆ. ಹೆಗ್ಗಣರಾಯ, ನನಗೂ ಗೊತ್ತಾಗಲಿಲ್ಲ!

"ಗೊತ್ತಿಲ್ಲ" ಎಂದೆ.

"ನನಗೂ ಗೊತ್ತಾಗ್ಲಿಲ್ಲ" ಎಂದರು. ಆಮೇಲೆ ಕಂಡಕ್ಟರ್ ಮಾವನ ಕಡೆ ತಿರುಗಿ, "ಗೋಡೆಗೆ ಮೊಳೆ ಹೊಡೀರಿ" ಎಂದರು.

ಮಾವ ಶೆಡ್ಡು ಅದುರುವ ಹಾಗೆ ಕೂಗಿದರು: "ರೈಟ್! ರೈಟ್!"

ಬಾ. ಹೇಗಾದರೂ ಮಾಡಿ ಬಾ.

ನಿನ್ನ ಗಿಳಿ

*

ನವೆಂಬರ್ ೧೧

ಗಿಳಿಗೆ,

ಕ್ಯಾಂಪು ತಲುಪಿದೆ. ಸುರಂಗದ ಎರಡು ತುದಿ ಕೂಡಿದ್ದಕ್ಕೆ ಚೀಫ್ ಕೊಟ್ಟ ರಜೆ ಬೇಗ ಮುಗಿಯಿತು. ಒಂದು ಬೆರಳಗಲ ವ್ಯತ್ಯಾಸ ಬಂತು ಎಂದು ನಾನು ಬೇಸರಪಟ್ಟಾಗ ನೀನು "ಅವಳಿಜವಳಿಯಲ್ಲೂ ಅಷ್ಟು ಇರುತ್ತೆ" ಎಂದೆಯಲ್ಲ, ಇಲ್ಲಿ ಎಲ್ಲರಿಗೂ ಹೇಳಿದೆ.

ಮನೆಯಲ್ಲಿದ್ದಾಗ ಹೇಳದ ಒಂದು ಮಾತಿದೆ. ಎದುರು ನಿಂತು ಹೇಳಲು ನನಗೆ ಬರುವುದಿಲ್ಲ.

ಪ್ರದರ್ಶನದ ದಿನ ನಾನು ಬೇಕೆಂದೇ ಆ ಹಳೇ ಬೂಟು ಹಾಕಿಕೊಂಡು ಬಂದಿದ್ದೆ. ನೀನು ಬಂದವರಿಗೆಲ್ಲ ಉಳಿ ತೋರಿಸುತ್ತಾ ಒಳಗಿದ್ದೆ. ನಾನು ನಿನ್ನ ಚಿತ್ರದ ಪಕ್ಕ ಗೋಡೆಗೊರಗಿ ನಿಂತಿದ್ದೆ. ಕನ್ನಡಕದ ಒಬ್ಬರು ಬಂದು ಬಹಳ ಹೊತ್ತು ನೋಡಿದರು. ಆಮೇಲೆ ತಮಗೆ ತಾವೇ, "ಇದರ ಯಜಮಾನ ಈಗಷ್ಟೇ ಕಳಚಿ ಒಳಗೆ ಹೋದ ಹಾಗಿದೆ" ಎಂದರು.

ತಡೆಯಲಾಗಲಿಲ್ಲ. "ನನ್ನವೇ ಸಾರ್" ಎಂದು ಕಾಲು ಮುಂದೆ ಚಾಚಿದೆ.

ಅವರು ಚಿತ್ರ ನೋಡಿದರು, ನನ್ನ ಕಾಲು ನೋಡಿದರು. "ಇಲ್ಲಾ ರೀ. ಚಿತ್ರದಲ್ಲಿ ಕೊಯ್ದಿರೋದು ಬಲಗಾಲಿಂದು. ನಿಮ್ಮದು ಎಡಗಾಲಿಂದು. ಸುಮ್ಮನೆ ಹೇಳ್ಬೇಡಿ" ಎಂದರು.

ನನಗೆ ಏನಾಯಿತೋ. ಮಾತು ಶುರು ಮಾಡಿದೆ. ಹಲಗೆಯ ಎಡ ಹಾಳೆಗೆ ಬಲವಾಗುವುದು ಹೇಗೆ ಎಂದು ಅಂಗೈ ಮೇಲೆ ಅಂಗೈ ಇಟ್ಟು ತೋರಿಸಿದೆ. ಒಂದೇ ಹಲಗೆ, ನಾಲ್ಕು ಬಣ್ಣ, ಕೊರೆದದ್ದು ವಾಪಸ್ ಬಾರದು ಎಂದೆ. ಲೇಸು ಬಿಳಿಯಾಗಿ ಉಳಿದದ್ದು ಬಣ್ಣ ಹಚ್ಚಿ ಅಲ್ಲ, ಎಲ್ಲಕ್ಕಿಂತ ಮೊದಲೇ ಅದನ್ನು ನೆನೆದು ಕೊರೆದಿಟ್ಟದ್ದರಿಂದ ಎಂದೆ. ಸುತ್ತ ನಾಲ್ಕಾರು ಜನ ಸೇರಿದರು. ನಾನು ನಿಲ್ಲಿಸಲಿಲ್ಲ. ಶಾಯಿಯಮ್ಮ ಬಂದು, "ಇಲ್ಲಿ ಗಿಳಿ ಯಾರು, ಹೆಗ್ಗಣ ಯಾರು ಅಂತಾನೇ ಗೊತ್ತಾಗ್ತಿಲ್ಲ. ನೀರು ಕುಡಿಯಪ್ಪಾ" ಎಂದು ಲೋಟ ಕೊಟ್ಟರು.

ಕನ್ನಡಕದವರು ಕೇಳಿದರು, "ನೀವೂ ಇದೇ ಕೆಲಸದವರಾ?"

ಇಷ್ಟು ವರ್ಷ ಯಾರು ಕೇಳಿದರೂ ಸರ್ವೇಯರ್ ಎನ್ನುತ್ತಿದ್ದೆ. ಅವತ್ತು ಬಾಯಿಗೆ ಬಂದದ್ದು ಬೇರೆ. "ಅಲ್ಲ ಸಾರ್. ನಾನು ಅವಳ ಗಂಡ" ಎಂದೆ.

ಹಳದಿ, ಕಿತ್ತಳೆ ಎರಡೂ ಮಂಚದ ಮೇಲೆ ಹಾಗೆಯೇ ಇವೆ. ಮೂರನೆಯದರ ಜಾಗ ಖಾಲಿ ಇಟ್ಟಿದ್ದೇನೆ. ಚೀಫ್ ದಿನಾ ತಮ್ಮ ಗೋಡೆಯ ತೂತುಗಳನ್ನು ನೋಡಿ ನನ್ನನ್ನು ನೋಡುತ್ತಾರೆ. ಏನು ಹೇಳಲಿ?

ನಿನ್ನವನು

*

ನವೆಂಬರ್ ೨೨

ಹೆಗ್ಗಣರಾಯ,

ನಿನ್ನ ಪತ್ರವನ್ನು ಈ ಸಲ ಶೆಡ್ಡಿನಲ್ಲಿ ಓದಲಿಲ್ಲ. ಯಾರಿಗೂ ತೋರಿಸಲಿಲ್ಲ. ನೋಡು, ನನಗೂ ಸುಮ್ಮನಿರಲು ಬರುತ್ತದೆ.

ಚೀಫ್ ಅವರಿಗೆ ಕಾಯಲು ಹೇಳು. ಆರೂ ಶೆಡ್ಡಿನ ಗೋಡೆಯವು.

ಹೊಸ ಹಲಗೆ ತಂದಿದ್ದೇನೆ. ಈ ಸಲ ಬಣ್ಣ ಐದು. ಚಿತ್ರ ಏನೆಂದು ಕೇಳಬೇಡ, ನಿನ್ನ ಮೇಸ್ತ್ರಿ ಊಹಿಸಲಿ. ಹಾಳೆ ಎಣಿಸಿಡುವಾಗ ಶಾಯಿಯಮ್ಮ, "ಗೋಡೆಗೆ ಆರು, ಜಾರೋಕೆ ಐದು, ಮಾವ ಕೂರೋಕೆ ಒಂದು. ಇನ್ನೂ ಆರು ಯಾಕೆ ಮೇಲೆ ತಗೊಂಡೆ?" ಎಂದರು.

"ಬಣ್ಣಕ್ಕೊಂದು. ಚೀಫ್ ಗೋಡೆಗೆ ಇನ್ನೊಂದು" ಎಂದೆ. "ಯಾವ ಕಣಜದಲ್ಲಾದ್ರೂ ಹೆಗ್ಗಣದ ಪಾಲು ಅಂತ ಇರುತ್ತಲ್ಲ, ಅದು."

ನಿನ್ನ ಗಿಳಿ